ದನಕ್ಕೆ ನಿಷೇಧ, ಹಮಾಲಿಗೆ ದಿನಾ ಎರಡು: ಡೈಕ್ಲೋಫೆನಾಕ್ ಬಗ್ಗೆ ಸಂಶೋಧನೆ ಏನು ಹೇಳುತ್ತೆ?

ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತವರು. ಕೊನೆಯ ಮೂರು ವರ್ಷ ಅವರ ಅಂಗಿ ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ಒಂದು ಗುಳಿಗೆ ಸ್ಟ್ರಿಪ್ ಇರ್ತಿತ್ತು. ಬೆಳಿಗ್ಗೆ ಲಾರಿ ಅನ್‌ಲೋಡ್ ಶುರು ಆಗೋ ಮೊದಲು ಒಂದು, ರಾತ್ರಿ ಮಲಗೋ ಮೊದಲು ಒಂದು. ಯಾರ್ಡ್ ಗೇಟಿನ ಮೆಡಿಕಲ್ ಶಾಪಿನಲ್ಲಿ "ಸೊಂಟ ನೋವಿಂದು ಕೊಡಪ್ಪ" ಅಂದ್ರೆ ಸಾಕು, ಚೀಟಿ ಯಾರೂ ಕೇಳ್ತಿರಲಿಲ್ಲ. "ಇದು ನನಗೆ ಚೆನ್ನಾಗಿ ಒಗ್ಗುತ್ತೆ" ಅನ್ನೋದು ಅಪ್ಪನ ಮಾತು. ಹೊಟ್ಟೆ ಉರಿ ಇಲ್ಲ, ವಾಂತಿ ಇಲ್ಲ, ತಲೆ ಸುತ್ತಿಲ್ಲ.

ಒಂದು ದಿನ ಬಚ್ಚಲಲ್ಲಿ ಕುಸಿದು ಬಿದ್ದರು. ಎರಡು ಮೂರು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಾಗಿ ಹೋಗ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಎಂಡೋಸ್ಕೋಪಿ ಮಾಡಿದ ವೈದ್ಯರು ಹೊಟ್ಟೆಯಲ್ಲಿ ಎರಡು ಹುಣ್ಣು ತೋರಿಸಿ ಮೊದಲು ಕೇಳಿದ ಪ್ರಶ್ನೆ: "ನೋವಿನ ಗುಳಿಗೆ ಎಷ್ಟು ದಿನದಿಂದ ತಗೋತಿದಾರೆ?" ಮೂರು ಬಾಟಲಿ ರಕ್ತ ಹೋಯ್ತು. ಅಪ್ಪ ಉಳಿದರು.

ಸ್ಟ್ರಿಪ್ ತಿರುಗಿಸಿ ಓದಿದೆ. ಡೈಕ್ಲೋಫೆನಾಕ್ 50 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ನಾನು ಡಾಕ್ಟರ್ ಅಲ್ಲ. ಆದರೆ ಆ ದಿನದಿಂದ ಈ ಹೆಸರಿನ ಹಿಂದೆ ಬಿದ್ದು ಓದಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿಡ್ತಾ ಇದ್ದೀನಿ. ನಿಮ್ಮ ಮನೆಯ ಡಬ್ಬಿಯಲ್ಲೂ ಈ ಗುಳಿಗೆ ಇರೋ ಸಾಧ್ಯತೆ ಬಹಳ ಹೆಚ್ಚು.

ಇದು ಏನು, ಹೇಗೆ ಕೆಲಸ ಮಾಡುತ್ತೆ?

ಡೈಕ್ಲೋಫೆನಾಕ್ ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕ ಗುಂಪಿನ ಔಷಧ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಅಸಿಕ್ಲೊಫೆನಾಕ್, ನಿಮೆಸುಲೈಡ್, ಎಟೊರಿಕಾಕ್ಸಿಬ್ ಎಲ್ಲವೂ ಇದೇ ಗುಂಪಿನವು. ಸ್ವಿಟ್ಜರ್ಲೆಂಡಿನ ಸೀಬಾ ಗೈಗಿ ಕಂಪನಿಯ ವಿಜ್ಞಾನಿಗಳು ಇದನ್ನು ತಯಾರಿಸಿದರು. ವೋಲ್ಟರೆನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಪೇಟೆಂಟ್ ಮುಗಿದ ಮೇಲೆ ನೂರಾರು ಕಂಪನಿಗಳು ತಮ್ಮ ತಮ್ಮ ಹೆಸರಲ್ಲಿ ಮಾಡತೊಡಗಿದವು, ಬೆಲೆ ಬಿತ್ತು.

ಈ ಗುಂಪಿನ ಔಷಧಗಳು ಹೇಗೆ ಕೆಲಸ ಮಾಡ್ತವೆ ಅನ್ನೋದನ್ನ 1971ರಲ್ಲಿ ವಿವರಿಸಿದ್ದು ಬ್ರಿಟನ್ನಿನ ಜಾನ್ ವೇನ್. ಅದಕ್ಕೆ 1982ರಲ್ಲಿ ಅವರಿಗೆ ನೊಬೆಲ್ ಬಂತು. ಸರಳವಾಗಿ ಹೇಳೋದಾದ್ರೆ: ಮೈಗೆ ಪೆಟ್ಟಾದಾಗ, ಕೀಲು ಊದಿಕೊಂಡಾಗ ದೇಹ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕಗಳನ್ನು ತಯಾರಿಸುತ್ತೆ. ನೋವು, ಊತ, ಜ್ವರ ಹೆಚ್ಚೋದು ಅವುಗಳಿಂದ. ಅವನ್ನು ತಯಾರಿಸೋ ಕಿಣ್ವದ ಹೆಸರು ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್. ಈ ಗುಳಿಗೆಗಳು ಕಾಕ್ಸ್ ಅನ್ನು ತಡೀತವೆ. ನೋವು ಇಳಿಯುತ್ತೆ.

ಆದರೆ ಪ್ರೊಸ್ಟಾಗ್ಲಾಂಡಿನ್‌ಗೆ ಬೇರೆ ಕೆಲಸಗಳೂ ಇವೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯೋದು, ಮೂತ್ರಪಿಂಡಕ್ಕೆ ರಕ್ತದ ಹರಿವು ಸರಿಯಾಗಿರೋ ಹಾಗೆ ನೋಡಿಕೊಳ್ಳೋದು, ರಕ್ತನಾಳ ಹಿಗ್ಗಿರೋ ಹಾಗೆ ಇಡೋದು. ನೋವಿಗೆ ಅಂತ ನುಂಗಿದ ಗುಳಿಗೆ ಈ ಕೆಲಸಗಳನ್ನೂ ನಿಲ್ಲಿಸುತ್ತೆ. ಅಂದ್ರೆ ಇದರ ಸೈಡ್ ಎಫೆಕ್ಟ್ ಗುಳಿಗೆಗೆ ಸೇರಿದ ಕಲ್ಮಶ ಅಲ್ಲ. ಗುಣ, ದೋಷ ಎರಡೂ ಹುಟ್ಟೋದು ಒಂದೇ ಕ್ರಿಯೆಯಿಂದ.

ಹಾಗಾಗಿ ಎರಡು ತಪ್ಪು ನಂಬಿಕೆಗಳನ್ನು ಇಲ್ಲೇ ಬಿಡಬೇಕು. "ಇಂಜೆಕ್ಷನ್ ತಗೊಂಡ್ರೆ ಹೊಟ್ಟೆಗೆ ತೊಂದ್ರೆ ಇಲ್ಲ" ಅನ್ನೋದು ಒಂದು. ಔಷಧ ರಕ್ತದ ಮೂಲಕವೇ ಹೊಟ್ಟೆಯ ರಕ್ಷಣೆ ತೆಗೆಯುತ್ತೆ, ಯಾವ ದಾರಿಯಲ್ಲಿ ಒಳಗೆ ಹೋದರೂ ಅಷ್ಟೇ. "ಊಟ ಆದ್ಮೇಲೆ ತಗೊಂಡ್ರೆ ಏನೂ ಆಗಲ್ಲ" ಅನ್ನೋದು ಇನ್ನೊಂದು. ಊಟದಿಂದ ಉರಿ ಸ್ವಲ್ಪ ಕಡಿಮೆ ಆಗಬಹುದು, ಹುಣ್ಣಾಗೋದು ತಪ್ಪಲ್ಲ.

ನೋವು ಕಡಿಮೆ ಮಾಡುತ್ತಾ? ಮಾಡುತ್ತೆ

ಮೊದಲು ನ್ಯಾಯವಾದ ಮಾತು. ಇದು ಮೋಸದ ಔಷಧ ಅಲ್ಲ. ಶಸ್ತ್ರಚಿಕಿತ್ಸೆಯ ನಂತರದ ನೋವಿನ ಬಗ್ಗೆ ಕಾಕ್ರೇನ್ ಸಂಸ್ಥೆ 2015ರಲ್ಲಿ ಮಾಡಿದ ಪರಿಶೀಲನೆ ಪ್ರಕಾರ, ಬೇಗ ಕರಗುವ ಡೈಕ್ಲೋಫೆನಾಕ್ ಪೊಟ್ಯಾಸಿಯಂ 50 ಮಿಲಿಗ್ರಾಂ ಗುಳಿಗೆಯನ್ನು ಸುಮಾರು ಇಬ್ಬರಿಗೆ ಕೊಟ್ಟರೆ, ಖಾಲಿ ಗುಳಿಗೆಯಿಂದ ಆಗುತ್ತಿದ್ದುದಕ್ಕಿಂತ ಹೆಚ್ಚಾಗಿ ಒಬ್ಬರ ನೋವು ಅರ್ಧಕ್ಕಿಂತ ಹೆಚ್ಚು ಇಳಿಯುತ್ತೆ. ನೋವಿನ ಔಷಧಗಳ ಲೋಕದಲ್ಲಿ ಇದು ಬಹಳ ಒಳ್ಳೆ ಅಂಕ.

ಮಂಡಿ ಸವೆತಕ್ಕೆ ಬಂದರೆ, 2021ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ ಇದೆ. 192 ಪ್ರಯೋಗಗಳು, 1,02,829 ಮಂದಿ. ಮಂಡಿ ಮತ್ತು ಸೊಂಟದ ಕೀಲು ಸವೆದವರಲ್ಲಿ ನೋವು ಇಳಿಸೋಕೆ, ಓಡಾಟ ಸುಧಾರಿಸೋಕೆ ನುಂಗುವ ಗುಳಿಗೆಗಳ ಪೈಕಿ ಮುಂದಿದ್ದದ್ದು ಎರಡು: ದಿನಕ್ಕೆ 60 ಮಿಲಿಗ್ರಾಂ ಎಟೊರಿಕಾಕ್ಸಿಬ್, 150 ಮಿಲಿಗ್ರಾಂ ಡೈಕ್ಲೋಫೆನಾಕ್. ಅಫೀಮು ಮೂಲದ ಔಷಧಗಳಲ್ಲಿ ಲಾಭಕ್ಕಿಂತ ಹಾನಿ ಹೆಚ್ಚು ಅಂತ ಅದೇ ವಿಶ್ಲೇಷಣೆ ಹೇಳಿತು.

ಇದರ ಇನ್ನೊಂದು ಸಾಲು ನಮ್ಮ ಸುದ್ದಿಗಳಲ್ಲಿ ಬರಲೇ ಇಲ್ಲ. ಬೇರೆ ಕಾಯಿಲೆ ಇರುವವರಿಗೆ, ದೀರ್ಘಕಾಲ ಬಳಸುವವರಿಗೆ ಈ ಎರಡೂ ಬಹುಶಃ ಸೂಕ್ತವಲ್ಲ. ಮಂಡಿ ನೋವಿಗೆ ಮೊದಲು ಯೋಚಿಸಬೇಕಾದದ್ದು ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್. ಜೆಲ್‌ನಿಂದ ರಕ್ತಕ್ಕೆ ಸೇರೋ ಔಷಧ ಗುಳಿಗೆಗಿಂತ ತೀರಾ ಕಡಿಮೆ, ಮಂಡಿಯ ಮಟ್ಟಿಗೆ ಪರಿಣಾಮ ಸಾಕಷ್ಟಿದೆ.

ಸೊಂಟ ನೋವಿನ ಕತೆ ಬೇರೆ. ಹೊಸದಾಗಿ ಹಿಡಿದ ಸೊಂಟ ನೋವಿಗೆ ಈ ಇಡೀ ಗುಂಪಿನ ಔಷಧಗಳು ಎಷ್ಟು ಕೆಲಸ ಮಾಡ್ತವೆ ಅಂತ ಕಾಕ್ರೇನ್ 2020ರಲ್ಲಿ ನೋಡಿತು. 0ಯಿಂದ 100ರ ನೋವಿನ ಅಳತೆಯಲ್ಲಿ, ಖಾಲಿ ಗುಳಿಗೆಗಿಂತ ಸಿಕ್ಕ ಹೆಚ್ಚಿನ ಲಾಭ ಸುಮಾರು 7. ನೂರಕ್ಕೆ ಏಳು. ಅಪ್ಪ ಮೂರು ವರ್ಷ ದಿನಾ ಎರಡು ಗುಳಿಗೆ ನುಂಗಿದ್ದು ಇಷ್ಟಕ್ಕೆ ಅಂತ ಗೊತ್ತಾದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

"ಒಗ್ಗುತ್ತೆ" ಅಂದ್ರೆ ಏನು?

ಸಂಶೋಧನಾ ವರದಿಗಳಲ್ಲಿ ಎರಡು ಪದ ಅಕ್ಕಪಕ್ಕ ಬರ್ತವೆ. ಒಂದು ಸಹನೀಯತೆ, ಇನ್ನೊಂದು ಸುರಕ್ಷತೆ. ನಾವು ಎರಡನ್ನೂ ಒಂದೇ ಅಂದ್ಕೋತೀವಿ. ಹಾಗಲ್ಲ.

ಸಹನೀಯತೆ ಅಂದ್ರೆ ರೋಗಿಗೆ ಅನಿಸೋದು. ಹೊಟ್ಟೆ ಉರಿ, ವಾಕರಿಕೆ, ಭೇದಿ, ತಲೆಸುತ್ತು. ಇದರಿಂದ ಬೇಸತ್ತು ಎಷ್ಟು ಜನ ಪ್ರಯೋಗ ಬಿಟ್ಟು ಹೋದರು ಅಂತ ಎಣಿಸಿ ಇದನ್ನು ಅಳೀತಾರೆ. ಈ ಲೆಕ್ಕದಲ್ಲಿ ಡೈಕ್ಲೋಫೆನಾಕ್ ಕೆಟ್ಟದ್ದೇನಲ್ಲ, ಬಹಳ ಜನಕ್ಕೆ ಒಗ್ಗುತ್ತೆ.

ಸುರಕ್ಷತೆ ಅಂದ್ರೆ ಅನಿಸದೇ ಇರೋದು. ಹುಣ್ಣು, ರಕ್ತಸ್ರಾವ, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ, ಯಕೃತ್ತಿನ ಕಿಣ್ವ ಏರೋದು. ಇವು ಮುನ್ಸೂಚನೆ ಇಲ್ಲದೆ ಬರಬಹುದು. ಅದರಲ್ಲೂ ಹೊಟ್ಟೆಯ ಹುಣ್ಣಿನಲ್ಲಿ ಒಂದು ಕ್ರೂರ ವಿಚಿತ್ರ ಇದೆ. ಹುಣ್ಣು ಮಾಡೋದೂ ನೋವಿನ ಗುಳಿಗೆ, ಹುಣ್ಣಿನ ನೋವು ಮುಚ್ಚೋದೂ ಅದೇ ಗುಳಿಗೆ. ರಕ್ತ ಹರಿಯೋವರೆಗೂ ಗೊತ್ತಾಗದೇ ಹೋಗಬಹುದು. ಅಪ್ಪನಿಗೆ ಆದದ್ದು ಇದೇ. ಒಗ್ಗಿತ್ತು ಅನ್ನೋದು ಸುಳ್ಳಲ್ಲ. ಆದರೆ ಒಗ್ಗಿದ್ದೆಲ್ಲ ಒಳ್ಳೆಯದು ಅಂತ ಅಂದ್ಕೊಂಡಿದ್ದು ತಪ್ಪಾಯ್ತು.

ಹೃದಯದ ಪ್ರಶ್ನೆ ಎದ್ದಿದ್ದು ಹೇಗೆ?

ಇಲ್ಲಿ ಬೇರೊಂದು ಗುಳಿಗೆಯ ಕತೆ ಹೇಳಬೇಕು. ಹೊಟ್ಟೆಗೆ ಪೆಟ್ಟು ಕೊಡದ ನೋವಿನ ಔಷಧ ಬೇಕು ಅಂತ ಕಂಪನಿಗಳು ಕಾಕ್ಸ್-2 ಎಂಬ ಕಿಣ್ವವನ್ನು ಮಾತ್ರ ತಡೆಯುವ ಹೊಸ ಗುಳಿಗೆಗಳನ್ನು ತಂದವು. ಮರ್ಕ್ ಕಂಪನಿಯ ರೋಫೆಕಾಕ್ಸಿಬ್, ಅಂದರೆ ವಯಾಕ್ಸ್, ಅದರಲ್ಲಿ ಹೆಸರುವಾಸಿ. 2000ದಲ್ಲಿ ಬಂದ ವಿಗರ್ ಎಂಬ ಪ್ರಯೋಗದಲ್ಲಿ 8,076 ಮಂದಿ ಇದ್ದರು. ನ್ಯಾಪ್ರೊಕ್ಸೆನ್ ಜೊತೆ ಹೋಲಿಸಿದರೆ ವಯಾಕ್ಸ್ ತಗೊಂಡವರಲ್ಲಿ ಹೊಟ್ಟೆಯ ತೊಂದರೆ ಕಡಿಮೆ, ಹೃದಯಾಘಾತ ಹೆಚ್ಚು ಕಂಡಿತು. ಇದು ವಯಾಕ್ಸ್ ದೋಷ ಅಲ್ಲ, ನ್ಯಾಪ್ರೊಕ್ಸೆನ್ ಹೃದಯ ಕಾಯ್ತಿದೆ ಅಂತ ವಾದ ಹೂಡಿದರು. ಮಾರಾಟ ಮುಂದುವರಿಯಿತು. ಇನ್ನೊಂದು ಪ್ರಯೋಗದಲ್ಲಿ, ಖಾಲಿ ಗುಳಿಗೆಗೆ ಹೋಲಿಸಿದಾಗಲೂ ಹೃದಯಾಘಾತ ಹೆಚ್ಚು ಅಂತ ಸ್ಪಷ್ಟವಾದ ಮೇಲೆ, 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಅಮೆರಿಕ ಒಂದರಲ್ಲೇ 88,000ದಿಂದ 1,40,000 ಹೆಚ್ಚುವರಿ ಗಂಭೀರ ಹೃದ್ರೋಗ ಪ್ರಕರಣಗಳಿಗೆ ಇದು ಕಾರಣವಾಗಿರಬಹುದು ಅಂತ 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು ಹೇಳಿತು. ಭಾರತದಲ್ಲೂ 2004ರ ಕೊನೆಗೆ ಅದಕ್ಕೆ ನಿಷೇಧ ಬಂತು.

ಆಗ ಎದ್ದ ಪ್ರಶ್ನೆ: ಹಳೇ ಗುಳಿಗೆಗಳ ಕತೆ ಏನು? ಡೈಕ್ಲೋಫೆನಾಕ್ ಹಳೇದು, ಆದರೆ ಅದು ಕಾಕ್ಸ್-2 ಅನ್ನು ತಡೆಯುವ ರೀತಿ ಹೊಸ ಗುಳಿಗೆಗಳಿಗೆ ಹತ್ತಿರ ಇದೆ. ಹೆಸರು ಹಳೆಯದು, ನಡವಳಿಕೆ ಹೊಸದರ ಥರ.

2013ರಲ್ಲಿ ಆಕ್ಸ್‌ಫರ್ಡ್ ನೇತೃತ್ವದ ತಂಡ ಲ್ಯಾನ್ಸೆಟ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಖಾಲಿ ಗುಳಿಗೆ ಜೊತೆ ಹೋಲಿಸಿದ 280 ಪ್ರಯೋಗ, ಒಂದು ಔಷಧವನ್ನು ಇನ್ನೊಂದರ ಜೊತೆ ಹೋಲಿಸಿದ 474 ಪ್ರಯೋಗ, ಎಲ್ಲ ಸೇರಿಸಿ ಲೆಕ್ಕ ಹಾಕಿದರು. ಅದರ ಸಾರ ಇಷ್ಟು:

- ದಿನಕ್ಕೆ 150 ಮಿಲಿಗ್ರಾಂ ಡೈಕ್ಲೋಫೆನಾಕ್ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳದ ಕಾರಣದ ಸಾವು ಎಲ್ಲ ಸೇರಿ ಸುಮಾರು ಶೇ. 40ರಷ್ಟು ಹೆಚ್ಚು. ಕಾಕ್ಸ್-2 ಗುಳಿಗೆಗಳಲ್ಲೂ ಹೆಚ್ಚುಕಡಿಮೆ ಇಷ್ಟೇ.
- ದಿನಕ್ಕೆ 1000 ಮಿಲಿಗ್ರಾಂ ನ್ಯಾಪ್ರೊಕ್ಸೆನ್‌ನಲ್ಲಿ ಈ ಏರಿಕೆ ಕಾಣಲಿಲ್ಲ.
- 2400 ಮಿಲಿಗ್ರಾಂನಷ್ಟು ದೊಡ್ಡ ಪ್ರಮಾಣದ ಐಬುಪ್ರೊಫೆನ್‌ನಲ್ಲೂ ಹೃದಯದ ಅಪಾಯ ಏರಿತ್ತು.
- ಹೊಟ್ಟೆಯ ಮೇಲ್ಭಾಗದ ಗಂಭೀರ ತೊಂದರೆ ಡೈಕ್ಲೋಫೆನಾಕ್‌ನಲ್ಲಿ ಸುಮಾರು ಎರಡು ಪಟ್ಟು, ಐಬುಪ್ರೊಫೆನ್ ಮತ್ತು ನ್ಯಾಪ್ರೊಕ್ಸೆನ್‌ನಲ್ಲಿ ಸುಮಾರು ನಾಲ್ಕು ಪಟ್ಟು.
- ಹೃದಯ ವೈಫಲ್ಯದ ಅಪಾಯ ಎಲ್ಲವುಗಳಲ್ಲೂ ಸುಮಾರು ದುಪ್ಪಟ್ಟು.

ಶೇ. 40 ಅಂದ ತಕ್ಷಣ ಗಾಬರಿ ಬೇಡ. ಅದನ್ನೇ ಜನರ ಲೆಕ್ಕದಲ್ಲಿ ಹೇಳಿದರೆ: ಮಧ್ಯಮ ಅಪಾಯ ಇರುವ 1000 ಜನ ಒಂದು ವರ್ಷ ಈ ಪ್ರಮಾಣದಲ್ಲಿ ತಗೊಂಡರೆ, ತಗೊಳ್ಳದವರಿಗಿಂತ ಸುಮಾರು 3 ಮಂದಿಗೆ ಹೆಚ್ಚುವರಿಯಾಗಿ ಹೃದಯಾಘಾತದಂಥ ಘಟನೆ, ಅದರಲ್ಲಿ ಒಂದು ಸಾವು. ಒಬ್ಬ ವ್ಯಕ್ತಿಗೆ ಇದು ಸಣ್ಣ ಅಪಾಯ. ಕೋಟಿಗಟ್ಟಲೆ ಜನ ನುಂಗುವ ದೇಶಕ್ಕೆ ಸಣ್ಣದಲ್ಲ. ಮೊದಲೇ ಹೃದ್ರೋಗ ಇರುವವರಿಗೆ ಅಪಾಯದ ಲೆಕ್ಕ ಇನ್ನೂ ಮೇಲೆ ಹೋಗುತ್ತೆ.

2018ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ದಾರಿಯಲ್ಲಿ ನೋಡಿತು. ಆ ದೇಶದಲ್ಲಿ ಪ್ರತಿಯೊಬ್ಬರ ಔಷಧ ಖರೀದಿ, ಆಸ್ಪತ್ರೆ ದಾಖಲೆ ಸರ್ಕಾರದ ಬಳಿ ಇರುತ್ತೆ. 1996ರಿಂದ 2016ರವರೆಗೆ ಡೈಕ್ಲೋಫೆನಾಕ್ ಶುರು ಮಾಡಿದ 13 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಇತರರ ಜೊತೆ ಹೋಲಿಸಿದರು. ಮೊದಲ 30 ದಿನದಲ್ಲೇ, ಏನೂ ತಗೊಳ್ಳದವರಿಗಿಂತ ಹೃದಯದ ತೊಂದರೆ ಶೇ. 50 ಹೆಚ್ಚು. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್‌ಗಿಂತ ಶೇ. 20, ನ್ಯಾಪ್ರೊಕ್ಸೆನ್‌ಗಿಂತ ಶೇ. 30 ಹೆಚ್ಚು. ಕಡಿಮೆ ಪ್ರಮಾಣದಲ್ಲೂ ಏರಿಕೆ ಕಂಡಿತು. ಹೊಟ್ಟೆಯ ರಕ್ತಸ್ರಾವ ಏನೂ ತಗೊಳ್ಳದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು, ಐಬುಪ್ರೊಫೆನ್‌ಗಿಂತ ಎರಡೂವರೆ ಪಟ್ಟು.

ಗಮನಿಸಿ, ಹೊಟ್ಟೆಯ ವಿಷಯದಲ್ಲಿ ಎರಡು ಅಧ್ಯಯನ ಒಂದೇ ಮಾತು ಹೇಳ್ತಿಲ್ಲ. ಪ್ರಯೋಗಗಳಲ್ಲಿ ಐಬುಪ್ರೊಫೆನ್ ಕೆಟ್ಟದ್ದಾಗಿ ಕಂಡಿತು, ಆದರೆ ಅಲ್ಲಿ ಕೊಟ್ಟದ್ದು 2400 ಮಿಲಿಗ್ರಾಂ. ಜನ ಸಾಮಾನ್ಯವಾಗಿ ತಗೊಳ್ಳೋದು ಅದರ ಅರ್ಧ ಅಥವಾ ಇನ್ನೂ ಕಡಿಮೆ. ಜೊತೆಗೆ, ಪ್ರಯೋಗಕ್ಕೆ ಆರಿಸಿದ ಜನ ಬೇರೆ, ಮೆಡಿಕಲ್ ಶಾಪಿಗೆ ಬರೋ ಜನ ಬೇರೆ. ಡೆನ್ಮಾರ್ಕಿನದ್ದು ದಾಖಲೆ ನೋಡಿ ಮಾಡಿದ ಅಧ್ಯಯನ, ಯಾರಿಗೆ ಯಾವ ಗುಳಿಗೆ ಅಂತ ಚೀಟಿ ಎತ್ತಿ ಹಂಚಿದ್ದಲ್ಲ. ಅದಕ್ಕೂ ಅದರದೇ ಮಿತಿ ಇದೆ. ಆದರೆ ಹೃದಯದ ವಿಷಯದಲ್ಲಿ ಎರಡೂ ಒಂದೇ ಕಡೆ ಬೆರಳು ತೋರಿಸ್ತವೆ.

ಇದರ ಮೇಲೆ ಕ್ರಮವೂ ಆಯ್ತು, ಬೇರೆ ಕಡೆ. 2013ರಲ್ಲಿ ಯೂರೋಪಿನ ಔಷಧ ನಿಯಂತ್ರಕರು ಹೃದ್ರೋಗ, ಪಾರ್ಶ್ವವಾಯು ಇರುವವರಿಗೆ ಡೈಕ್ಲೋಫೆನಾಕ್ ಕೊಡಬಾರದು ಅಂದರು. 2015ರ ಜನವರಿಯಲ್ಲಿ ಬ್ರಿಟನ್ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಗುಳಿಗೆ ಮಾರೋದನ್ನೇ ನಿಲ್ಲಿಸಿತು.

ಯಾರ ಜೊತೆ ಹೋಲಿಸಿದರು ಅನ್ನೋದು ರಾಜಕೀಯ

ಸಂಶೋಧನೆ ಓದುವಾಗ ಫಲಿತಾಂಶದ ಮೊದಲು ಕೇಳಬೇಕಾದ ಪ್ರಶ್ನೆ: ಯಾವುದರ ಜೊತೆ ಹೋಲಿಸಿದರು?

ಮರ್ಕ್ ಕಂಪನಿ ತನ್ನ ಮುಂದಿನ ಗುಳಿಗೆ ಎಟೊರಿಕಾಕ್ಸಿಬ್‌ನ ಹೃದಯ ಸುರಕ್ಷತೆ ತೋರಿಸೋಕೆ 34,701 ರೋಗಿಗಳ ಮೆಡಲ್ ಎಂಬ ಅಧ್ಯಯನ ಮಾಡಿಸಿತು. 2006ರಲ್ಲಿ ಫಲಿತಾಂಶ ಬಂತು: ಹೃದಯದ ತೊಂದರೆ ಎರಡೂ ಗುಂಪಿನಲ್ಲಿ ಸಮ. ಎರಡನೇ ಗುಂಪಿಗೆ ಕೊಟ್ಟದ್ದು ಯಾವುದು? ಡೈಕ್ಲೋಫೆನಾಕ್. ಹೃದಯಕ್ಕೆ ತಾನೇ ಅಪಾಯ ತರುವ ಗುಳಿಗೆಯನ್ನು ಎದುರಿಗೆ ನಿಲ್ಲಿಸಿ "ನಾನು ಅದಕ್ಕಿಂತ ಕೆಟ್ಟವನಲ್ಲ" ಅಂದ ಹಾಗೆ ಇದು. ನ್ಯಾಪ್ರೊಕ್ಸೆನ್ ಜೊತೆ ಯಾಕೆ ಹೋಲಿಸಲಿಲ್ಲ ಅಂತ ವಿಮರ್ಶಕರು ಕೇಳಿದರು. 2007ರಲ್ಲಿ ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ 20-1 ಮತದಿಂದ ಇದನ್ನು ತಿರಸ್ಕರಿಸಿತು, ಅನುಮತಿ ಸಿಗಲಿಲ್ಲ. ಭಾರತದಲ್ಲಿ ಎಟೊರಿಕಾಕ್ಸಿಬ್ ಇವತ್ತೂ ಧಾರಾಳವಾಗಿ ಸಿಗುತ್ತೆ.

ಚುನಾವಣಾ ಸಮೀಕ್ಷೆ ನೋಡುವಾಗ ಯಾರು ಮಾಡಿಸಿದ್ದು, ಯಾರನ್ನು ಕೇಳಿದ್ದು ಅಂತ ನಾವು ಕೇಳ್ತೀವಲ್ಲ, ಔಷಧ ಪ್ರಯೋಗಕ್ಕೂ ಅದೇ ಪ್ರಶ್ನೆ ಸಾಕು.

ರಣಹದ್ದು ಕಲಿಸಿದ ಪಾಠ

ಈ ಗುಳಿಗೆಯ ಬಗ್ಗೆ ಭಾರತ ಸರ್ಕಾರ ಗಟ್ಟಿ ನಿರ್ಧಾರ ತಗೊಂಡಿದ್ದು ಒಂದೇ ವಿಷಯದಲ್ಲಿ. ಅದು ಮನುಷ್ಯರಿಗಾಗಿ ಅಲ್ಲ.

1990ರ ದಶಕದಲ್ಲಿ ದೇಶದ ರಣಹದ್ದುಗಳು ಇದ್ದಕ್ಕಿದ್ದ ಹಾಗೆ ಮಾಯವಾಗತೊಡಗಿದವು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ಶೇ. 99ಕ್ಕಿಂತ ಹೆಚ್ಚು ಇಲ್ಲವಾಯಿತು. ಕಾರಣ ತಿಳಿದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದು ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಿಂದ. ಜ್ವರ, ಕುಂಟು ಅಂತ ದನಗಳಿಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಆ ದನ ಸತ್ತಾಗ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯ್ತಿತ್ತು. 2006ರಲ್ಲಿ ಭಾರತ ಪಶುಗಳಿಗೆ ಇದರ ಬಳಕೆ ನಿಲ್ಲಿಸಿತು. ಮನುಷ್ಯರ ಇಂಜೆಕ್ಷನ್ನಿನ ದೊಡ್ಡ ಬಾಟಲಿ ದನಕ್ಕೆ ಹೋಗ್ತಿದೆ ಅಂತ ಕಂಡು, 2015ರಲ್ಲಿ ಬಾಟಲಿಯ ಗಾತ್ರವನ್ನೇ 3 ಮಿಲಿ ಲೀಟರಿಗೆ ಇಳಿಸಿತು. ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿ ಬದಲಾಗುವ ಅಸಿಕ್ಲೊಫೆನಾಕ್ ಅನ್ನೂ 2023ರಲ್ಲಿ ಪಶುಗಳಿಗೆ ನಿಷೇಧಿಸಿತು.

ನಮ್ಮ ರಾಮನಗರದ ರಾಮದೇವರ ಬೆಟ್ಟ ಗೊತ್ತಲ್ಲ, ಶೋಲೆ ಚಿತ್ರದ ಬಂಡೆಗಳು. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಆ ಜಾಗವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಉಳಿದಿದ್ದ ಬೆರಳೆಣಿಕೆಯ ಹಕ್ಕಿಗಳಿಗೆ.

ಹದ್ದು ಸತ್ತರೆ ನಮಗೇನು ಅನ್ನೋರಿಗೆ 2024ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಐಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಉತ್ತರ ಕೊಟ್ಟರು. ಹದ್ದುಗಳು ಹೋದ ಕಡೆ ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಾದವು. ಅಂಥ ಜಿಲ್ಲೆಗಳಲ್ಲಿ ಮನುಷ್ಯರ ಸಾವು ಶೇ. 4ಕ್ಕಿಂತ ಹೆಚ್ಚು ಏರಿತು, 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಅನ್ನೋದು ಅವರ ಅಂದಾಜು.

ಹದ್ದಿಗಾಗಿ ಸರ್ಕಾರ ಮಾಡಿದ್ದು ಸರಿ. ನನ್ನ ತಕರಾರು ಅದಲ್ಲ. ಪುರಾವೆ ಬಂತು, ಎರಡು ವರ್ಷದಲ್ಲಿ ಕ್ರಮ ಆಯ್ತು, ಸಂದು ಕಂಡಾಗ ಅದನ್ನೂ ಮುಚ್ಚಿದರು. ಇದು ನಮ್ಮ ವ್ಯವಸ್ಥೆಗೆ ಸಾಧ್ಯ ಅಂತಾಯ್ತು. ಹಾಗಾದ್ರೆ ಮನುಷ್ಯರ ವಿಷಯದಲ್ಲಿ ಯಾಕಿಲ್ಲ?

ಅಂಗಡಿಯ ಕಟ್ಟೆಯಲ್ಲಿ ಕಾನೂನು

ಕಾಗದದ ಮೇಲೆ ಡೈಕ್ಲೋಫೆನಾಕ್ ಗುಳಿಗೆ ಷೆಡ್ಯೂಲ್ ಎಚ್ ಔಷಧ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ ಮೇಲೆ ಆ ಎಚ್ಚರಿಕೆ ಇಂಗ್ಲಿಷಿನಲ್ಲಿ, ಭೂತಗನ್ನಡಿಗೆ ಮಾತ್ರ ಕಾಣೋ ಅಕ್ಷರದಲ್ಲಿ ಇರುತ್ತೆ. ಅಪ್ಪ ಮೂರನೇ ಕ್ಲಾಸು, ಕನ್ನಡ ಓದ್ತಾರೆ.

ಎರಡನೇ ಸಮಸ್ಯೆ ಕಲಸುಮೇಲೋಗರ. ಡೈಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್, ಜೊತೆಗೆ ಸ್ನಾಯು ಸಡಿಲಿಸುವ ಔಷಧ, ಹೀಗೆ ಒಂದೇ ಗುಳಿಗೆಯಲ್ಲಿ ಎರಡು ಮೂರು. 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅರ್ಥವಿಲ್ಲದ 344 ಮಿಶ್ರಣಗಳನ್ನು ನಿಷೇಧಿಸಿತು. ಒಂದೇ ಗುಂಪಿನ ಎರಡು ಔಷಧ ಸೇರಿಸಿದ ನಿಮೆಸುಲೈಡ್-ಡೈಕ್ಲೋಫೆನಾಕ್ ಕೂಡ ಆ ಪಟ್ಟಿಯಲ್ಲಿತ್ತು. ಕಂಪನಿಗಳು ಕೋರ್ಟಿಗೆ ಹೋದವು, ಮತ್ತೆ ಪರಿಶೀಲನೆ ಆಗಿ 2018ರಲ್ಲಿ 328ಕ್ಕೆ ನಿಷೇಧ ಬಂತು. ಅಪಾಯ ಏನಪ್ಪಾ ಅಂದ್ರೆ, ಒಂದು ಅಂಗಡಿಯ ಸೊಂಟದ ಗುಳಿಗೆ, ಇನ್ನೊಂದು ಅಂಗಡಿಯ ಮಂಡಿ ಗುಳಿಗೆ, ಹೆಸರು ಬೇರೆ ಬೇರೆ, ಒಳಗೆ ಎರಡರಲ್ಲೂ ಇದೇ ಗುಂಪಿನ ಔಷಧ. ನುಂಗೋರಿಗೆ ಅದು ಗೊತ್ತಿರಲ್ಲ.

ಮೂರನೆಯದು ಪಟ್ಟಿಯ ಪ್ರಶ್ನೆ. 2013ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ 100 ದೇಶಗಳ ಅಗತ್ಯ ಔಷಧ ಪಟ್ಟಿ ನೋಡಿದ ಅಧ್ಯಯನ ಬಂತು. ಹೃದಯಕ್ಕೆ ಅಪಾಯ ಹೆಚ್ಚಿರುವ ಡೈಕ್ಲೋಫೆನಾಕ್ 74 ದೇಶಗಳ ಪಟ್ಟಿಯಲ್ಲಿತ್ತು, ಅಪಾಯ ಕಡಿಮೆ ಇರುವ ನ್ಯಾಪ್ರೊಕ್ಸೆನ್ ಬರೀ 27ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಾದರಿ ಪಟ್ಟಿಯಲ್ಲಿ ಇರೋದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಲ್ಲ. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲಿ ಡೈಕ್ಲೋಫೆನಾಕ್ ಇದೆ.

ಯಾರು ಹುಷಾರಾಗಿರಬೇಕು?

ಇದನ್ನು ಓದಿ ವೈದ್ಯರು ಬರೆದ ಔಷಧವನ್ನು ನೀವೇ ನಿಲ್ಲಿಸಬೇಡಿ. ಕೇಳಿ. ಯಾವ ಸಂದರ್ಭದಲ್ಲಿ ಖಂಡಿತ ಕೇಳಬೇಕು ಅನ್ನೋದು ಇಲ್ಲಿದೆ:

- ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು, ಹೃದಯ ವೈಫಲ್ಯ ಆಗಿದ್ದವರು.
- ಹಿಂದೆ ಹೊಟ್ಟೆ ಹುಣ್ಣು ಆಗಿದ್ದವರು, 65 ದಾಟಿದವರು, ಆಸ್ಪಿರಿನ್, ರಕ್ತ ತೆಳುವಾಗಿಸುವ ಔಷಧ ಅಥವಾ ಸ್ಟೀರಾಯ್ಡ್ ತಗೊಳ್ಳುವವರು. ಇವರಿಗೆ ನೋವಿನ ಗುಳಿಗೆ ಬೇಕೇ ಆದರೆ ಆಮ್ಲ ಕಡಿಮೆ ಮಾಡುವ ಗುಳಿಗೆಯೂ ಜೊತೆಗೆ ಬೇಕಾ ಅಂತ ಕೇಳಬೇಕು.
- ಮೂತ್ರಪಿಂಡದ ತೊಂದರೆ ಇರುವವರು. ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಇದರ ಮೇಲೆ ನೋವಿನ ಗುಳಿಗೆ: ಈ ಮೂರು ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು.
- ಗರ್ಭಿಣಿಯರು, ಮುಖ್ಯವಾಗಿ 20 ವಾರ ದಾಟಿದ ಮೇಲೆ.
- ಡೆಂಗಿ ಇರಬಹುದು ಅನ್ನೋ ಜ್ವರ. ಮಳೆಗಾಲದಲ್ಲಿ ಮೈ ಕೈ ನೋವು, ಜ್ವರ ಅಂದ ಕೂಡಲೇ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಳ್ಳೋ ರೂಢಿ ನಮ್ಮಲ್ಲಿ ಇದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತೆ, ಇದು ರಕ್ತಸ್ರಾವ ಹೆಚ್ಚಿಸಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

ಮಲ ಕಪ್ಪಗೆ ಜಿಗುಟಾಗಿ ಹೋದರೆ, ರಕ್ತ ವಾಂತಿ ಆದರೆ, ಎದೆ ನೋವು ಬಂದರೆ, ಮುಖ ಅಥವಾ ಕಾಲು ಊದಿಕೊಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಉಳಿದವರಿಗೆ ಸೂತ್ರ ಹಳೆಯದೇ: ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ. ಹಲ್ಲು ಕಿತ್ತ ಮೇಲೆ ಎರಡು ದಿನ ತಗೊಂಡ 25ರ ಹುಡುಗನ ಅಪಾಯವೂ ನಮ್ಮಪ್ಪನದ್ದೂ ಒಂದೇ ಅಲ್ಲ.

ನಿಷೇಧ ಕೇಳ್ತಿಲ್ಲ

ನನ್ನ ಗೆಳೆಯರು "ಹಾಗಾದ್ರೆ ಬ್ಯಾನ್ ಮಾಡ್ಲಿ ಬಿಡು" ಅಂದರು. ನನಗೆ ಹಾಗೆ ಅನ್ನಿಸಲ್ಲ. ನಾಳೆಯಿಂದ ಚೀಟಿ ಇಲ್ಲದೆ ಕೊಡಲ್ಲ ಅಂದ್ರೆ, ಅಪ್ಪನಂಥವರು ಅರ್ಧ ದಿನದ ಕೂಲಿ ಬಿಟ್ಟು ಡಾಕ್ಟರ್ ಫೀಸು ಕೊಟ್ಟು ಅದೇ ಚೀಟಿ ತರಬೇಕು. ನೋವು ಹಾಗೇ ಇರುತ್ತೆ, ಖರ್ಚು ಮಾತ್ರ ಹೆಚ್ಚುತ್ತೆ. ನೋವು ಕಡಿಮೆ ಮಾಡಿಕೊಳ್ಳೋದು ಬಡವರ ದುಶ್ಚಟ ಅಲ್ಲ, ಅವರ ಹಕ್ಕು.

ಕೇಳಬೇಕಾದ್ದು ಬೇರೆ ಇದೆ. ಗುಳಿಗೆ ಸ್ಟ್ರಿಪ್ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣೋ ಅಕ್ಷರದಲ್ಲಿ ಎಚ್ಚರಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜೆಲ್, ನ್ಯಾಪ್ರೊಕ್ಸೆನ್, ಫಿಸಿಯೋಥೆರಪಿ. ಅಗತ್ಯ ಔಷಧ ಪಟ್ಟಿಯಲ್ಲಿ ಡೈಕ್ಲೋಫೆನಾಕ್ ಯಾಕಿದೆ ಅನ್ನೋ ಮರುಪರಿಶೀಲನೆ, ಅದರ ಕಾರಣ ಬಹಿರಂಗವಾಗಿ. ಯಾರ್ಡಿನಲ್ಲಿ, ಕಾರ್ಖಾನೆಯಲ್ಲಿ, ಗಾರ್ಮೆಂಟ್ಸಿನಲ್ಲಿ ದುಡಿಯೋರಿಗೆ ಮೂರು ತಿಂಗಳಿಗೊಮ್ಮೆ ಬಿಪಿ, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಪರೀಕ್ಷೆ.

ಮತ್ತೆ ಚೀಲದ ತೂಕ. ವಯಸ್ಕ ಗಂಡಸು ಕೈಯಿಂದ ಎತ್ತುವ ಭಾರ 55 ಕೆಜಿ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ಅಪ್ಪ ಹೊತ್ತಿದ್ದರಲ್ಲಿ 50ರದ್ದೂ ಇತ್ತು, ಅದಕ್ಕಿಂತ ಬಹಳ ಭಾರದ್ದೂ ಇತ್ತು, ದಿನಕ್ಕೆ ನೂರಾರು. ಆ ಸೊಂಟಕ್ಕೆ ಬೇಕಿದ್ದದ್ದು ಟ್ರಾಲಿ, ಕನ್ವೇಯರ್, ವಾರಕ್ಕೊಂದು ಸಂಬಳ ಸಹಿತ ರಜೆ. ಅವೆಲ್ಲಕ್ಕೂ ದುಡ್ಡು ಬೇಕು. ಅವೆಲ್ಲದರ ಬದಲಿಗೆ ಅಗ್ಗದಲ್ಲಿ ಸಿಕ್ಕಿದ್ದು ಒಂದು ಗುಳಿಗೆ. ಅದರ ಅಸಲಿ ಬೆಲೆಯನ್ನು ಕಟ್ಟಿದ್ದು ಅಪ್ಪನ ಹೊಟ್ಟೆ.

ಈಗ ಅಪ್ಪ ಯಾರ್ಡಿಗೆ ಹೋಗಲ್ಲ. ಸೊಂಟಕ್ಕೆ ಬಿಸಿನೀರಿನ ಶಾಖ, ದಿನಾ ಬೆಳಿಗ್ಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ನಾಲ್ಕು ವ್ಯಾಯಾಮ, ತೀರಾ ಆದಾಗ ಪ್ಯಾರಾಸಿಟಮಾಲ್. ನೋವು ಪೂರ್ತಿ ಹೋಗಿಲ್ಲ. ಮೊನ್ನೆ ಅವರ ಜೊತೆಗಾರರೊಬ್ಬರು ಮನೆಗೆ ಬಂದಿದ್ದರು. ಜೇಬಿನಲ್ಲಿ ಅದೇ ಸ್ಟ್ರಿಪ್. ಅಪ್ಪ ಅದನ್ನು ಕೈಗೆ ತಗೊಂಡು ತಿರುಗಿಸಿ ನನ್ನ ಕಡೆ ಚಾಚಿದರು. "ಇದರಲ್ಲಿ ಏನು ಬರೆದಿದೆ, ಇವನಿಗೂ ಸ್ವಲ್ಪ ಓದಿ ಹೇಳು."